ಕಂಬ ತಬ್ಬಿ ಕೂಗಿದವಳು

ಪೋರ್ಟ್ ಹ್ಯಾಡನ್
ಮಾರ್ಚ್ ೧೯, ಮಂಗಳವಾರ

ಪ್ರೀತಿಯ ಕೆರಿನ್,

ನೀನು, ಪಾಲ್, ನಮ್ಮ ಪುಟ್ಟ ಥಿಯಾ ಎಲ್ಲರೂ ಚೆನ್ನಾಗಿದ್ದೀರಿ ತಾನೆ? ಥಿಯಾಳಿಗೆ ಹಲ್ಲು ಬಂದ ಫೋಟೊ ತಲುಪಿತು. ಎರಡೇ ಹಲ್ಲಿಗೆ ಇಷ್ಟು ಗತ್ತು! ಬಾಯಿ ತುಂಬ ಹಲ್ಲು ಬಂದ ಮೇಲೆ ನಿಮ್ಮಿಬ್ಬರನ್ನು ಮನೆಯಲ್ಲಿ ಇರಗೊಡುತ್ತಾಳೋ ಇಲ್ಲವೋ. ಫೋಟೊ ಸಿಕ್ಕ ಕೂಡಲೇ ಬರೆಯಬೇಕಿತ್ತು, ಬರೆಯಲಿಲ್ಲ. ನಿನ್ನ ಫೋನುಗಳನ್ನೂ ಎತ್ತಲಿಲ್ಲ. ತಪ್ಪು ತಿಳಿಯಬೇಡ ಎಂದು ಬರೆಯಲು ಹೊರಟೆ. ಆಮೇಲೆ, ತಿಳಿದರೆ ತಿಳಿಯಲಿ ಅನ್ನಿಸಿತು. ಈಚೆಗೆ ನನ್ನ ಮನಸ್ಸು ಹೀಗೇ ಇದೆ, ಒಲೆಯ ಮೇಲಿಟ್ಟ ಹಾಲಿನ ಹಾಗೆ. ನಿನ್ನೆ ನಿನ್ನ ಭಾವ ಗ್ಲೆನ್ ಊಟದ ಮಧ್ಯೆ ಉಪ್ಪು ಕೇಳಿದ. ನಾನು ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದ ಸದ್ದಿಗೆ ನಾಯಿ ಎದ್ದು ಹೊರಗೆ ಹೋಯಿತು. ಪಾಪ, ಆ ಮನುಷ್ಯ ಉಪ್ಪಿಲ್ಲದೆಯೇ ತಿಂದು ಎದ್ದ.

ಊರಲ್ಲಿ ಇನ್ನೂ ಸೆಕೆ ಇಳಿದಿಲ್ಲ. ಏಡಿ ಮಾತ್ರ ಈ ಸಲ ದಂಡಿಯಾಗಿ ಸಿಗುತ್ತಿವೆ. ಗ್ಲೆನ್ ದಿನಾ ಬಕೆಟ್ ತುಂಬ ತರುತ್ತಾನೆ, ನನಗೆ ನೋಡಿದರೇ ಸಾಕಾಗಿದೆ. ಅದು ಬಿಟ್ಟರೆ ಪೋರ್ಟ್ ಹ್ಯಾಡನ್‌ನಲ್ಲಿ ಈಗ ಇರುವ ಒಂದೇ ಒಂದು ಸುದ್ದಿ ಅಂದರೆ ನಾನು. ಬೇಕರಿಯ ಒಳಗೆ ಕಾಲಿಟ್ಟರೆ ಮಾತು ನಿಲ್ಲುತ್ತದೆ. ನಿನಗೆ ಎಷ್ಟು ಮುಟ್ಟಿದೆಯೋ ತಿಳಿಯದು. ಅಮ್ಮ ತನ್ನ ರೀತಿಯಲ್ಲಿ ಹೇಳಿರುತ್ತಾಳೆ, ಅಪ್ಪ ತನ್ನ ರೀತಿಯಲ್ಲಿ. ನನ್ನ ಬಾಯಿಂದಲೂ ಒಂದು ಸಲ ಕೇಳು.

ಈ ಟ್ರಯಥ್ಲಾನ್ ಹುಚ್ಚು ಹಿಡಿಸಿದ್ದು ಮೀನಂಗಡಿ ಟೂಲಾ ಅಂತ ನಿನಗೆ ಬರೆದಿದ್ದೆ. ಆ ಗ್ರೀಕ್ ಹೆಂಗಸಿಗೆ ನನಗಿಂತ ಏಳು ವರ್ಷ ಹೆಚ್ಚು ವಯಸ್ಸು, ನನಗಿಂತ ಎರಡು ಪಟ್ಟು ಸೊಂಟ. ಒಂದು ದಿನ ಮೀನು ಕರಿಯುತ್ತ ಕರಿಯುತ್ತ, “ನರೆಲ್, ನೀನು ಸ್ಕೂಲ್ ಬಸ್ ಓಡಿಸ್ತಾ ಕೂತು ಕೂತು ಸೀಟಾಗಿದೀಯ, ನಾನು ಈ ಬಾಂಡ್ಲಿ ಮುಂದೆ ನಿಂತು ನಿಂತು ಕಂಬ ಆಗಿದೀನಿ. ಬಾ, ಇಬ್ರೂ ಹೆಸರು ಕೊಡೋಣ” ಅಂದಳು. ಚಿಕ್ಕ ಸ್ಪರ್ಧೆಯಂತೆ. ಮುಕ್ಕಾಲು ಕಿಲೋಮೀಟರ್ ಈಜು, ಇಪ್ಪತ್ತು ಕಿಲೋಮೀಟರ್ ಸೈಕಲ್, ಐದು ಕಿಲೋಮೀಟರ್ ಓಟ. ಸೈಕಲ್ಲು, ಓಟ ಹೇಗೋ ಆಗುತ್ತಿತ್ತು. ಈಜು ಮಾತ್ರ ನನ್ನಿಂದ ಆಗದ ಮಾತು.

ಸಮುದ್ರದ ಪಕ್ಕದಲ್ಲೇ ಹುಟ್ಟಿ, ಸಮುದ್ರದ ಪಕ್ಕದಲ್ಲೇ ಸಂಸಾರ ಮಾಡಿ, ನಲವತ್ತೆರಡು ವರ್ಷ ಮೊಣಕಾಲಿನ ಮೇಲೆ ನೀರು ಬರಗೊಡದವಳು ನಾನು. ಶಾಲೆಯ ಮಕ್ಕಳಿಗೆ ಈಜು ಕಲಿಸುವ ವಾರ ಅವರನ್ನು ಸಮುದ್ರದೊಳಕ್ಕೆ ಕಂಬಗಳ ಮೇಲೆ ಚಾಚಿದ ಆ ಜೆಟ್ಟಿಗೆ ಕರೆದುಕೊಂಡು ಹೋಗುವುದು ನನ್ನದೇ ಬಸ್ಸು. ಅವರು ನೀರಿನಲ್ಲಿ ಕಿರುಚಾಡುವಾಗ ನಾನು ಕಿಟಕಿ ಏರಿಸಿಕೊಂಡು ಒಳಗೇ ಬೇಯುತ್ತ ಕೂರುತ್ತಿದ್ದೆ. ಕಾರಣ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ನನಗಾಗ ಏಳು ವರ್ಷ. ನೀನು ಅಮ್ಮನ ಸೊಂಟದ ಮೇಲಿದ್ದೆ. “ಕುರಿಮರೀನೂ ಹೊಳೇಗೆ ಬಿದ್ರೆ ಈಜುತ್ತೆ, ನೀನು ಈಜಲ್ವಾ?” ಅಂದು ಅಪ್ಪ ನನ್ನನ್ನು ಜೆಟ್ಟಿಯ ತುದಿಯಿಂದ ನೂಕಿದ. ನಾನು ಈಜಲಿಲ್ಲ. ಕೂಗಿದೆ, ನೀರು ಕುಡಿದೆ, ಮುಳುಗಿದೆ. ಮೇಲೆ ಅವನು ನಗುತ್ತಲೇ ಇದ್ದ. ಈಗ ಬರ್ತಾಳೆ, ಈಗ ಬರ್ತಾಳೆ ಅನ್ನುತ್ತಿದ್ದನಂತೆ. ಗಾಳ ಹಾಕುತ್ತಿದ್ದ ಪರ ಊರಿನ ಯಾರೋ ಒಬ್ಬರು ಬಟ್ಟೆ ಸಮೇತ ಹಾರಿ ನನ್ನನ್ನು ಎಳೆದುಕೊಂಡು ಬಂದರು. ಅವರ ಹೆಸರನ್ನೂ ನಮ್ಮ ಮನೆಯವರು ಕೇಳಿಕೊಳ್ಳಲಿಲ್ಲ.

ಹಾಗಾಗಿ ಟೂಲಾಳಿಗೆ ಹೂಂ ಅಂದದ್ದು ತೂಕ ಇಳಿಸಲಿಕ್ಕಲ್ಲ, ಪದಕಕ್ಕಂತೂ ಅಲ್ಲವೇ ಅಲ್ಲ. ಐವತ್ತಾಗುವ ಮೊದಲು ಆ ಜೆಟ್ಟಿಯನ್ನು ಒಂದು ಸಲ ಈಜಿ ಸುತ್ತಿ ಬರಬೇಕು, ಅಷ್ಟೇ. ಚಳಿಗಾಲವಿಡೀ ಪಕ್ಕದ ಊರಿನ ಕೊಳದಲ್ಲಿ ಮಕ್ಕಳ ಜೊತೆ ಹಲಗೆ ಹಿಡಿದುಕೊಂಡು ಕಾಲು ಬಡಿದೆ. ನವೆಂಬರಿನಲ್ಲಿ, ಬೇಸಿಗೆ ಶುರುವಾಗುವ ಹೊತ್ತಿಗೆ, ಸಮುದ್ರಕ್ಕೆ ಇಳಿದೆ. ಟೂಲಾ ಜೊತೆಗಿದ್ದರೆ ಹೆದರಿಕೆ ಕಡಿಮೆ. ಅವಳು ಈಜುವಾಗಲೂ ಮಾತಾಡುತ್ತಾಳೆ.

ಫೆಬ್ರವರಿಯ ಆ ಬೆಳಗಿನ ಸಂಗತಿ ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ, ಯಾಕೆಂದರೆ ನಡೆದ ರೀತಿ ಬೇರೆ, ಅಪ್ಪ ಊರಿಗೆ ಸಾರಿದ ರೀತಿ ಬೇರೆ. ಆ ದಿನ ಟೂಲಾಳ ಅಂಗಡಿಗೆ ಮೀನಿನ ಲಾರಿ ಬರುವುದಿತ್ತು, ನಾನೊಬ್ಬಳೇ ಹೋದೆ. ಜೆಟ್ಟಿಯ ತುದಿಯವರೆಗೂ ಚೆನ್ನಾಗಿಯೇ ಈಜಿದೆ. ತುದಿಯಲ್ಲಿ ತಿರುಗುವಾಗ ಕೆಳಗೆ ನೋಡಿದೆ. ಅಲ್ಲಿಂದ ಮುಂದೆ ತಳ ಕಾಣುವುದಿಲ್ಲ, ಬರೀ ಕಪ್ಪು. ಕೈಗೆ ಸಿಕ್ಕಿದ ಕಂಬವನ್ನು ತಬ್ಬಿಕೊಂಡೆ. ಕಂಬದ ತುಂಬ ಚಿಪ್ಪುಗಳು, ಬ್ಲೇಡಿನ ಹಾಗೆ. ತೋಳು, ಎದೆ ಎಲ್ಲ ಕೊಯ್ದುಕೊಂಡಿತು, ಬಿಡಲಿಲ್ಲ. ಆಗ ನನ್ನ ಬಾಯಿಂದ ತಾನಾಗಿಯೇ ಬಂತು: “ಅಪ್ಪಾ! ಅಪ್ಪಾ!” ಗಂಡನ ಹೆಸರಲ್ಲ, ದೇವರ ಹೆಸರಲ್ಲ. ನಲವತ್ತೊಂಬತ್ತು ವರ್ಷದ ಹೆಂಗಸು, ಏಳು ವರ್ಷದವಳ ಗಂಟಲಿನಲ್ಲಿ ಕೂಗಿದೆ. ಎಷ್ಟೋ ಹೊತ್ತಿನ ಮೇಲೆ ಒಂದೊಂದೇ ಕಂಬ ಹಿಡಿಯುತ್ತ ದಡಕ್ಕೆ ಬಂದೆ. ನನ್ನನ್ನು ನೂಕಿದವನನ್ನೇ ಕಾಪಾಡು ಎಂದು ಕೂಗಿದ್ದು ನೆನಪಾದಾಗೆಲ್ಲ, ಗಾಯಕ್ಕಿಂತ ಹೆಚ್ಚು ಅದೇ ಉರಿಯುತ್ತಿತ್ತು.

ಸರಿ, ಸ್ಪರ್ಧೆಯ ದಿನ. ಮೈಕು ಯಾರ ಕೈಯಲ್ಲಿ ಎಂದು ಕೇಳಬೇಕಾಗಿಯೇ ಇಲ್ಲ. ಈ ಊರಿನಲ್ಲಿ ಫುಟ್‌ಬಾಲ್ ಆಗಲಿ, ಮದುವೆಯಾಗಲಿ, ಬೆಂಕಿ ಆರಿಸುವವರ ಸಹಾಯಾರ್ಥ ಸಂತೆಯಾಗಲಿ, ಮೈಕು ನಮ್ಮಪ್ಪ ಮರ್ವ್ ಟ್ರೆನರಿಯದೇ. ಮೂವತ್ತೈದು ವರ್ಷ ಕುರಿ ಹರಾಜು ಹಾಕಿದ ಗಂಟಲು. ಎಪ್ಪತ್ಮೂರಾದರೂ ಒಂದಿಷ್ಟೂ ತುಕ್ಕು ಹಿಡಿದಿಲ್ಲ. ಬೆಳಿಗ್ಗೆಯಿಂದ ಒಬ್ಬೊಬ್ಬರ ಕಾಲು ಎಳೆಯುತ್ತಿದ್ದ. ಬ್ಯಾಂಕಿನವನ ಬೋಳುತಲೆ, ನರ್ಸಮ್ಮನ ಹೊಸ ಸೈಕಲ್ಲು. ಜನ ನಗುತ್ತಿದ್ದರು. ನಾನೂ ನಕ್ಕೆ ಅಂತಲೇ ಇಟ್ಟುಕೋ.

ನಾವೆಲ್ಲ ಸೊಂಟದವರೆಗೆ ನೀರಿನಲ್ಲಿ ನಿಂತು ಕೊಂಬು ಊದುವುದನ್ನು ಕಾಯುತ್ತಿದ್ದೆವು. ನನ್ನ ಪಕ್ಕದಲ್ಲಿ ಟೂಲಾ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಳು. ಆಗ ಶುರುವಾಯಿತು.

“ಅಗೋ ನೋಡಿ ಸ್ವಾಮಿ, ಹಳದಿ ಟೋಪಿ, ನನ್ನ ಹಿರೀ ಮಗಳು ನರೆಲ್! ನಿಮ್ಮ ಮಕ್ಕಳ ಬಸ್ ಓಡಿಸ್ತಾಳಲ್ಲ, ಅವಳೇ. ಒಂದು ಗುಟ್ಟು ಹೇಳ್ತೀನಿ, ಯಾರಿಗೂ ಹೇಳ್ಬೇಡಿ. ಹೋದ ತಿಂಗಳು ಇದೇ ಜೆಟ್ಟಿ ಕಂಬ ತಬ್ಬಿಕೊಂಡು, ಏನಂತ ಕೂಗಿದ್ಲು ಗೊತ್ತಾ?” ಆಮೇಲೆ ಕೆರಿನ್, ಅವನು ಸಣ್ಣ ಮಗುವಿನ ಧ್ವನಿ ಮಾಡಿ, ಮೈಕಿಗೆ ಬಾಯಿ ಅಂಟಿಸಿ, “ಅಪ್ಪಾ! ಅಪ್ಪಾ! ಎತ್ಕೋ ಅಪ್ಪಾ!” ಅಂದ. “ಐವತ್ತು ವರ್ಷ ಆಯ್ತಪ್ಪಾ, ಇನ್ನೂ ಎತ್ಕೋಬೇಕಂತೆ! ನನ್ನ ಸೊಂಟದ ಗತಿ ಏನು?”

ಇಡೀ ದಂಡೆ ಹೋ ಅಂತ ನಕ್ಕಿತು. ನೀರಿನಲ್ಲಿ ನನ್ನ ಅಕ್ಕಪಕ್ಕ ನಿಂತವರೂ ನಕ್ಕರು. ನೀರಿನ ಮೇಲೆ ನಗು ಎಷ್ಟು ದೂರ ಹೋಗುತ್ತದೆ ಅಂತ ನಿನಗೆ ಗೊತ್ತಾ? ಹೋಗಿ ಬಂದರಿನ ಗೋಡೆಗೆ ಬಡಿದು ತಿರುಗಿ ಬಂತು. ‘ಎತ್ಕೋ’ ಎಂದು ನಾನು ಕೂಗಿರಲೇ ಇಲ್ಲ. ಅದು ಅವನದೇ ಒಗ್ಗರಣೆ.

ಟೂಲಾ ನನ್ನ ಮುಖ ನೋಡಿ ಹೇಳಿದಳು: “ನನ್ನಪ್ಪ ಆಗಿದ್ರೆ ಹಿಟ್ಟಲ್ಲಿ ಅದ್ದಿ ಕರಿದುಬಿಡ್ತಿದ್ದೆ. ಈಜೇ, ಸುಮ್ನೆ ಈಜು. ಆಮೇಲೆ ನೋಡ್ಕೊಳ್ಳೋಣ.”

ಕೊಂಬು ಊದಿದರು. ನಾನು ಈಜಲಿಲ್ಲ, ಹೊಡೆದೆ. ಪ್ರತಿಯೊಂದು ಕೈಯನ್ನೂ ಅವನ ಮುಖಕ್ಕೆ ಹೊಡೆದ ಹಾಗೆ ನೀರಿಗೆ ಹೊಡೆದೆ. ಯಾರದೋ ಹಿಮ್ಮಡಿ ಮೂಗಿಗೆ ತಾಗಿತು, ಯಾರೋ ಬೆನ್ನ ಮೇಲೆಯೇ ಹಾದು ಹೋದರು, ನಾನೂ ಒಬ್ಬರ ಕಾಲು ಹಿಡಿದೆಳೆದೆನೇನೋ. ಸಿಟ್ಟಿನಿಂದ ಈಜಿದರೆ ಉಸಿರು ಬೇಗ ಖಾಲಿಯಾಗುತ್ತದೆ. ಜೆಟ್ಟಿಯ ತುದಿಗೆ ಬರುವಷ್ಟರಲ್ಲಿ ಬಾಯಿ ತುಂಬ ಉಪ್ಪು, ಕಣ್ಣು ಕತ್ತಲೆ. ಕೆಳಗೆ ಅದೇ ಕಪ್ಪು. ಎದುರಿಗೆ ಅದೇ ಕಂಬ. ಕಾವಲಿಗೆ ನಿಂತಿದ್ದ ಪುಟ್ಟ ದೋಣಿಯ ಹೆಂಗಸು, “ಬಾ ತಾಯಿ, ದೋಣಿ ಹಿಡ್ಕೊಂಡು ಸ್ವಲ್ಪ ಸುಧಾರಿಸ್ಕೋ, ನಿಯಮದಲ್ಲಿ ಅವಕಾಶ ಇದೆ” ಅಂದಳು. ಹಿಡಿದುಕೊಂಡೆ. ಸುಳ್ಳು ಯಾಕೆ ಹೇಳಲಿ? ಹಿಡಿದುಕೊಂಡು ಕೆಮ್ಮಿದೆ, ಉಗಿದೆ, ಅತ್ತೆ. ಆಗ ದೂರದಿಂದ ಮತ್ತೆ ಮೈಕು ಕೇಳಿಸಿತು, ಅವನು ಇನ್ಯಾರನ್ನೋ ಗೇಲಿ ಮಾಡುತ್ತಿದ್ದ. ನನ್ನನ್ನು ಆಗಲೇ ಮರೆತಿದ್ದ. ಅದು ಇನ್ನೂ ಹೆಚ್ಚು ರೇಗಿಸಿತು. ದೋಣಿ ಬಿಟ್ಟೆ. ಕೆಳಗೆ ನೋಡದೆ, ಕಂಬಗಳನ್ನೂ ನೋಡದೆ, ದಡದ ಪೈನ್ ಮರಗಳನ್ನಷ್ಟೇ ನೋಡುತ್ತ, ಕಪ್ಪೆಯ ಹಾಗೆ ಕೈಕಾಲು ಆಡಿಸಿಕೊಂಡು ಬಂದು ಮರಳು ಮುಟ್ಟಿದೆ. ಮುಟ್ಟಿದ ಆ ಗಳಿಗೆಯಲ್ಲಿ ನನಗೆ ಖುಷಿಯಾಗಬೇಕಿತ್ತು. ನಲವತ್ತೆರಡು ವರ್ಷ ಕಾದ ಗಳಿಗೆ ಅದು. ಆ ಖುಷಿಯನ್ನೂ ಅವನು ಮೊದಲೇ ತಿಂದು ಹಾಕಿದ್ದ.

ಸೈಕಲ್ಲಿನದು ಹೇಳುವಂಥದ್ದೇನೂ ಇಲ್ಲ. ಗೋಧಿ ತುಂಬಿಡುವ ಕಣಜಗಳ ರಸ್ತೆಯಲ್ಲಿ ಎದುರುಗಾಳಿ, ಬಾಯಿಗೆ ನೊಣ, ನನ್ನನ್ನು ದಾಟಿ ಹೋದವರೆಲ್ಲ “ಭೇಷ್ ನರೆಲ್” ಅನ್ನುವವರೇ. ಅವರಲ್ಲಿ ಇಬ್ಬರು ನೀರಿನಲ್ಲಿ ನಕ್ಕವರು. ತಿರುಗಿ ಏನಾದರೂ ಅನ್ನಲು ನನಗೆ ಉಸಿರಿರಲಿಲ್ಲ, ಅವರ ಪುಣ್ಯ.

ಓಟ ಎರಡು ಸುತ್ತು. ಮೊದಲ ಸುತ್ತಿನಲ್ಲಿ ಮೈಕಿನ ಮುಂದೆ ಹಾದು ಹೋಗುವಾಗ ನನ್ನನ್ನು ಕಂಡು ಅವನಿಗೆ ಹರಾಜಿನ ಹುಮ್ಮಸ್ಸು ಬಂತು. “ನಲವತ್ತೊಂದನೇ ನಂಬರು! ಮೆರಿನೊ ಹೆಣ್ಣು ಕುರಿ! ಹಲ್ಲು ಗಟ್ಟಿ, ಹಿಂದಿನ ಕಾಲು ಸ್ವಲ್ಪ ಕುಂಟು, ನೀರಿಗೆ ಮಾತ್ರ ಬಿಡಬೇಡಿ! ಕೂಗಿ ಸ್ವಾಮಿ, ಕೂಗಿ ಸವಾಲು!” ಸಾಸೇಜ್ ಸುಡುತ್ತಿದ್ದವರ ಗುಂಪಿನಿಂದ ಒಬ್ಬ, “ಹತ್ತು ಡಾಲರ್!” ಅಂದ. ಮತ್ತೆ ನಗು. ಅಲ್ಲೇ ಕಿತ್ತಳೆ ಹಣ್ಣು ಕತ್ತರಿಸಿ ಕೊಡುತ್ತ ಅಮ್ಮ ನಿಂತಿದ್ದಳು. ನನ್ನ ಕೈಗೆ ಒಂದು ತುಂಡು ತುರುಕಿ, “ನಗು ಕಂದಾ, ಸುಮ್ನೆ ನಕ್ಕುಬಿಡು” ಅಂದಳು. ಆ ತುಂಡನ್ನು ನಾನು ಅವಳ ಕಣ್ಣೆದುರೇ ರಸ್ತೆಗೆ ಎಸೆದೆ. ಅದೊಂದಕ್ಕೆ ನನಗೆ ಬೇಜಾರಿದೆ.

ಎರಡನೇ ಸುತ್ತಿನಲ್ಲಿ ನಾನು ಏನು ಮಾಡಬೇಕೆಂದು ಯೋಚಿಸಲಿಲ್ಲ. ಯಾರಾದರೂ ಹಾಗೆ ಹೇಳಿದರೆ ನಂಬಬೇಡ. ಕಾಲು ನೋಯುತ್ತಿತ್ತು, ಅಷ್ಟೇ ಗೊತ್ತು. ಓಟ ಮುಗಿಯುವ ಕಮಾನು ದಾಟಿದೆ. ನನ್ನ ಹಿಂದೆ ಇನ್ನೂ ನಾಲ್ಕೈದು ಮಂದಿ ಇದ್ದರು. ಕೊನೆಯವರ ಮುಂದೆಲ್ಲ ಮೈಕು ಹಿಡಿದು ಎರಡು ಮಾತು ಆಡಿಸುವುದು ಅಪ್ಪನ ರೂಢಿ. ನನ್ನ ಮುಂದೆಯೂ ಹಿಡಿದ. “ಏನಮ್ಮ, ಎತ್ಕೋಬೇಕಾ?” ಅಂದ.

ನಾನು ಅವನ ಕೈಯಿಂದ ಮೈಕು ಕಿತ್ತುಕೊಂಡೆ. ನನ್ನ ಏದುಸಿರು ಊರಿಗೆಲ್ಲ ಕೇಳುತ್ತಿತ್ತು. ಜನ ಚಪ್ಪಾಳೆಗೆ ಕೈ ಎತ್ತಿ ಕಾಯುತ್ತಿದ್ದರು, ನಾನೂ ಏನೋ ತಮಾಷೆ ಮಾಡುತ್ತೇನೆ ಎಂದುಕೊಂಡು. ಆಮೇಲೆ ಹೇಳಿದೆ:

“ಕೂಗಿದ್ದು ನಿಜ. ಏಳು ವರ್ಷದವಳಿದ್ದಾಗ ಇದೇ ಜೆಟ್ಟಿಯಿಂದ ನೀನೇ ನೂಕಿದೆಯಲ್ಲ, ಆಗಲೂ ಕೂಗಿದ್ದೆ. ಎರಡು ಸಲವೂ ನೀನು ಬರಲಿಲ್ಲ.”

ಎರಡನೆಯ ಸಲ ಅವನು ಬರುವ ಹಾಗೇ ಇರಲಿಲ್ಲ, ಮನೆಯಲ್ಲಿ ಚಹಾ ಕುಡಿಯುತ್ತಿದ್ದನೋ ಏನೋ. ಅನ್ಯಾಯದ ಮಾತು, ನನಗೆ ಗೊತ್ತು. ಆದರೂ ಅದು ನನ್ನೊಳಗೆ ಇದ್ದದ್ದೇ ಹಾಗೆ, ಬಂದದ್ದೂ ಹಾಗೆ.

ಸಾಸೇಜ್ ಚುರುಗುಟ್ಟುವುದು ಕೇಳುತ್ತಿತ್ತು. ಎತ್ತಿದ ಕೈಗಳನ್ನು ಜನ ಮೆಲ್ಲಗೆ ಇಳಿಸಿದರು. ಅಪ್ಪನ ಕಿವಿ ಕೆಂಪಾಯಿತು; ಬಾಲ್ಯದಲ್ಲಿ ಆ ಕೆಂಪು ಕಂಡರೆ ನಾವು ಮಂಚದ ಕೆಳಗೆ ನುಗ್ಗುತ್ತಿದ್ದೆವಲ್ಲ, ಅದೇ. ನನ್ನ ಕೈಯಿಂದ ಮೈಕು ತೆಗೆದುಕೊಂಡ. ಗಂಟಲು ಸರಿಮಾಡಿಕೊಂಡು, “ಸರಿ, ಅಗೋ ಬಂದರು ನೋಡಿ, ಐವತ್ತೇಳನೇ ನಂಬರು, ನಮ್ಮ ಔಷಧಿ ಅಂಗಡಿಯ ಯಜಮಾನರು!” ಅಂದ. ಅದೇ ಧ್ವನಿ, ಒಂದು ಎಳೆಯೂ ನಡುಗಲಿಲ್ಲ. ಮೂವತ್ತೈದು ವರ್ಷದ ಕಸುಬು ಅಂದರೆ ಅದು.

ಟೂಲಾ ಒದ್ದೆ ಟವೆಲ್ಲಿನಲ್ಲಿ ನನ್ನ ತಲೆ ಸುತ್ತಿ ಕಾರಿಗೆ ಕರೆದುಕೊಂಡು ಹೋದಳು. ಪದಕವನ್ನು ನಾನು ಇಸಕೊಳ್ಳಲೇ ಇಲ್ಲ. ಆಮೇಲೆ ಅವಳೇ ತಂದು ನಮ್ಮ ಮನೆಯ ಬಾಗಿಲಿಗೆ ನೇತುಹಾಕಿ ಹೋದಳು.

ಸೋಮವಾರ ಬಸ್ಸಿನಲ್ಲಿ, ಹಿಂದಿನ ಸೀಟುಗಳಿಂದ “ಅಪ್ಪಾ! ಅಪ್ಪಾ! ಎತ್ಕೋ!” ಶುರುವಾಯಿತು. ಗೋಧಿ ಕುಯ್ದ ಬಯಲಿನ ಪಕ್ಕ ಬಸ್ಸು ನಿಲ್ಲಿಸಿ, ಎಂಜಿನ್ ಆರಿಸಿ, ಕೀ ಜೇಬಿಗೆ ಹಾಕಿಕೊಂಡೆ. “ನನಗೇನೂ ಆತುರ ಇಲ್ಲ” ಅಂದೆ. ಸೆಕೆಯಲ್ಲಿ ಕೂತೆವು, ಎಲ್ಲರೂ. ಮುಖ್ಯೋಪಾಧ್ಯಾಯಿನಿಯ ಫೋನ್ ಬರುವವರೆಗೂ ಕೂತೆವು. ಅವರು ನನ್ನನ್ನು ಕರೆಸಿ ಬುದ್ಧಿ ಹೇಳಿದರು. ಹೇಳಲಿ. ಆಮೇಲೆ ಯಾವ ಮಗುವೂ ಕೂಗಿಲ್ಲ, ಆದರೆ ಕನ್ನಡಿಯಲ್ಲಿ ನೋಡಿದರೆ ತುಟಿ ಕಚ್ಚಿ ನಗುವುದು ಕಾಣುತ್ತದೆ. ಈ ಮಕ್ಕಳು ದೊಡ್ಡವರಾಗಿ, ತಮ್ಮ ಮಕ್ಕಳಿಗೂ ಹೇಳುತ್ತಾರೆ.

ಗುರುವಾರ ಅಮ್ಮ ಬಾಳೆಹಣ್ಣಿನ ಕೇಕ್ ಹಿಡಿದುಕೊಂಡು ಬಂದಳು. ಕೂತ ಕೂಡಲೇ, “ನಿಮ್ಮಪ್ಪ ಊಟ ಸರಿಯಾಗಿ ಮಾಡ್ತಿಲ್ಲ” ಅಂದಳು.

“ನಾನೂ ಮಾಡ್ತಿಲ್ಲ, ನನ್ನ ಕೇಳಿದ್ಯಾ?”

“ತಮಾಷೆಗೆ ಹೇಳಿದ್ದು ಕಣೇ. ಅವರ ಸ್ವಭಾವ ಗೊತ್ತಲ್ಲ. ಪ್ರೀತಿ ತೋರಿಸೋಕೆ ಬರಲ್ಲ, ಹೀಗೆ ತೋರಿಸ್ತಾರೆ.”

“ಪ್ರೀತಿ ತೋರಿಸೋಕೆ ಬರದೇ ಇದ್ರೆ ಸುಮ್ನಿರೋದು ಬರಲ್ವಾ ಅಮ್ಮ?”

ಅಮ್ಮ ಕೇಕ್ ಕತ್ತರಿಸಿದಳು. ಆಮೇಲೆ ಬಂದ ಕೆಲಸ ಹೇಳಿದಳು. ಊರ ಮುಂದೆ ಅವನ ಮಾನ ಹೋಗಿದೆಯಂತೆ, ನಾನು ಬಂದು ಕ್ಷಮೆ ಕೇಳಿದರೆ ಭಾನುವಾರದ ಊಟಕ್ಕೆ ಎಲ್ಲ ಮೊದಲಿನ ಹಾಗೆ ಆಗುತ್ತದಂತೆ. “ಅಮ್ಮ, ನಾನು ಮುಳುಗಿದ ದಿನ ನೀನು ಅಲ್ಲೇ ಇದ್ದೆ. ನೀನಾದ್ರೂ ಅವನಿಗೆ ಏನಾದ್ರೂ ಅಂದ್ಯಾ?” ಎಂದು ಕೇಳಿದೆ. “ಕಂಕುಳಲ್ಲಿ ಮಗು ಇತ್ತಲ್ಲೇ” ಅಂದಳು. ಆ ಮಗು ನೀನು. ನಾನು ಕೇಕನ್ನು ಡಬ್ಬಿಗೆ ಹಾಕಿ ಅವಳ ಕೈಗೇ ಕೊಟ್ಟು ಕಳಿಸಿದೆ. ಭಾನುವಾರ ಹೋಗಲಿಲ್ಲ. ಮುಂದೆಯೂ ಹೋಗುವುದಿಲ್ಲ. ಮೊದಲು ಅವನು ನನ್ನ ಬಾಗಿಲಿಗೆ ಬರಬೇಕು, ಮೈಕಿಲ್ಲದೆ.

ಏಪ್ರಿಲಿನಲ್ಲಿ ಪೋರ್ಟ್ ಲಿಂಕನ್‌ನಲ್ಲಿ ಇನ್ನೊಂದು ಸ್ಪರ್ಧೆಯಿದೆಯಂತೆ. ಟೂಲಾ ಈಗಲೇ ಇಬ್ಬರ ಹೆಸರೂ ಕೊಟ್ಟು ಬಂದಿದ್ದಾಳೆ. ನಿನ್ನೆ ಸಂಜೆ ಹೋಗಿ ಜೆಟ್ಟಿ ಸುತ್ತಿ ಬಂದೆವು. ಹೆದರಿಕೆ ಹೋಗಿಲ್ಲ. ಅದರ ಜೊತೆಯೇ ಈಜುತ್ತೇನೆ.

ಪಾಲ್‌ಗೆ ನನ್ನ ನೆನಪು ಹೇಳು. ಥಿಯಾಳ ಎರಡೂ ಹಲ್ಲಿಗೆ ಒಂದೊಂದು ಮುತ್ತು. ಅವಳು ಬೇಗ ನಡೆಯಲಿ, ಓಡಲಿ, ಧೈರ್ಯವಾಗಿ ನೀರಿಗಿಳಿಯಲಿ. ಅವಳು ಕೂಗಿದಾಗ ಎದ್ದೆನೋ ಬಿದ್ದೆನೋ ಎಂದು ಓಡಿ ಬರುವ ಅಪ್ಪ ಅಮ್ಮ ಅವಳಿಗೆ ನೂರು ಕಾಲ ಇರಲಿ. ದೇವರು ನಿಮ್ಮ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ನರೆಲ್

ತಾ.ಕ. ಲಕೋಟೆ ಅಂಟಿಸಿದ ಮೇಲೆ ಮತ್ತೆ ಹರಿದೆ. ಇದನ್ನು ಬರೆಯದೆ ಕಳಿಸಿದರೆ ಮೇಲಿನದೆಲ್ಲ ಸುಳ್ಳಾಗುತ್ತದೆ. ಕಂಬದ ಹತ್ತಿರ ನಡೆದದ್ದನ್ನು ನಾನು ಗ್ಲೆನ್‌ಗೆ ಹೇಳಿರಲಿಲ್ಲ. ತೋಳಿನ ಗಾಯ ಏಡಿ ಬಲೆಯ ತಂತಿ ತಾಗಿ ಆದದ್ದು ಅಂದಿದ್ದೆ. ಟೂಲಾಗೂ ಹೇಳಿರಲಿಲ್ಲ. ಆ ಬೆಳಿಗ್ಗೆ ಜೆಟ್ಟಿಯ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ನಾನು ಯಾರನ್ನು ಕೂಗಿದೆ ಎಂಬುದನ್ನು ಈ ಪ್ರಪಂಚದಲ್ಲಿ ಒಬ್ಬಳಿಗೇ ಹೇಳಿದ್ದೆ ಕೆರಿನ್. “ಇದು ನನ್ನ ಹತ್ರಾನೇ ಇರುತ್ತೆ ಅಕ್ಕ” ಎಂದು ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ. ಅಪ್ಪನ ಮನಸ್ಸು ಕರಗಲಿ ಎಂದು ನೀನು ಅವನಿಗೆ ಹೇಳಿದೆಯೋ, ಇಬ್ಬರೂ ಸೇರಿ ನಕ್ಕಿರೋ, ನನಗೆ ತಿಳಿಯದು. ಅಪ್ಪ ಎಂಥವನೆಂದು ನನಗೆ ಏಳನೇ ವಯಸ್ಸಿನಿಂದ ಗೊತ್ತು. ನೀನು ಎಂಥವಳೆಂದೂ ಗೊತ್ತು ಅಂದುಕೊಂಡಿದ್ದೆ. ಉತ್ತರ ಬರೆ. ಫೋನ್ ಮಾತ್ರ ಮಾಡಬೇಡ. ಫೋನಿನಲ್ಲಿ ನೀನು ಅತ್ತುಬಿಡುತ್ತೀಯ, ನೀನು ಅತ್ತರೆ ನಾನು ಕ್ಷಮಿಸಿಬಿಡುತ್ತೇನೆ. ಈಗಲೇ ಕ್ಷಮಿಸುವುದು ನನಗೆ ಬೇಡ.